ಸಕಲೇಶಪುರದವರೆಗೆ ಮಾತ್ರ ನೆಟ್

ಯಶವಂತಪುರದಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೋಗುತ್ತಾ ಲ್ಯಾಪ್‌ಟಾಪಿನಲ್ಲಿ ಆಫೀಸ್ ಕೆಲಸ ಮಾಡಬಹುದಾ ಅಂತ ಸ್ನೇಹಿತರು ಕೇಳುತ್ತಿರುತ್ತಾರೆ. ಮಾಡಬಹುದು, ಆದರೆ ಸಕಲೇಶಪುರದವರೆಗೆ ಮಾತ್ರ.

ಕಳೆದ ಮಳೆಗಾಲದಲ್ಲಿ ನಾನು ಹಾಗೇ ಹೋದೆ. ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಕೂತಿದ್ದೆ. ನೆಲಮಂಗಲದವರೆಗೆ ವಿಡಿಯೋ ಕಾಲ್ ಕೂಡ ಚೆನ್ನಾಗಿ ನಡೆಯಿತು. ಕುಣಿಗಲ್ ದಾಟಿದ ಮೇಲೆ ನೆಟ್ ಬಂದು ಹೋಗಿ ಮಾಡತೊಡಗಿತು. ಓಡುವ ರೈಲಿನಲ್ಲಿ ಫೋನು ಒಂದು ಟವರ್ ಬಿಟ್ಟು ಇನ್ನೊಂದನ್ನು ಹಿಡಿಯುತ್ತಲೇ ಇರಬೇಕು, ಜೊತೆಗೆ ಬೋಗಿಯ ಕಬ್ಬಿಣದ ಗೋಡೆ ಬೇರೆ ಸಿಗ್ನಲ್ ತಡೆಯುತ್ತದೆ, ಅದಕ್ಕೇ ಫೋನನ್ನು ಕಿಟಕಿ ಪಕ್ಕ ಇಟ್ಟರೆ ಸ್ವಲ್ಪ ವಾಸಿ. ಹಾಸನದಲ್ಲಿ ರೈಲು ನಿಂತಾಗ ದೊಡ್ಡ ಫೈಲುಗಳನ್ನೆಲ್ಲ ಕಳಿಸಿ ಮುಗಿಸಿದೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ. ಇಲ್ಲಿ ನೆಟ್ ನಂಬಿಕೊಳ್ಳಬೇಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಿ. ಇಲ್ಲದಿದ್ದರೆ ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿಯಾಗುತ್ತದೆ.

ಎಡಕುಮರಿ ಹತ್ತಿರ ರೈಲು ನಿಂತಿತ್ತು. ಬೋಗಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ನೆಟ್ ಇಲ್ಲ ಅಂತ ಗೊಣಗುತ್ತಿದ್ದರು. ಎದುರು ಸೀಟಿನ ಅಕ್ಕ ಸುಬ್ರಹ್ಮಣ್ಯದ ಕಡೆಯವರು. "ನಿಮ್ಗೆ ಎರಡು ಗಂಟೆ ಅಷ್ಟೆ ಮಾರಾಯ್ರೆ, ನಮ್ಗೆ ದಿನಾ ಹೀಗೇ" ಅಂದರು. 2020ರಲ್ಲಿ ಶಾಲೆ ಮುಚ್ಚಿದಾಗ ಅವರ ಮಗ ಆನ್‌ಲೈನ್ ಕ್ಲಾಸಿಗೆ ಗುಡ್ಡೆ ಹತ್ತಿ ಕೂರುತ್ತಿದ್ದನಂತೆ, ಮಳೆ ಬಂದರೆ ಅವನಿಗೆ ಕೊಡೆ ಹಿಡಿದುಕೊಂಡು ಇವರೂ ಅಲ್ಲೇ ನಿಲ್ಲಬೇಕಿತ್ತಂತೆ. ಆಮೇಲೆ ಊರಿಗೆ ಟವರ್ ಬಂತು. "ಆದ್ರೆ ಕರೆಂಟ್ ಹೋದ್ರೆ ಸ್ವಲ್ಪ ಹೊತ್ತಲ್ಲಿ ಟವರೂ ಹೋಗ್ತದೆ. ಮಳೆಗಾಲದಲ್ಲಿ ಕರೆಂಟ್ ಎಲ್ಲಿ ಉಂಟು? ರಾತ್ರಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ 108ಕ್ಕೆ ಫೋನ್ ಮಾಡ್ಲಿಕ್ಕೂ ಮೇನ್ ರೋಡಿಗೆ ಹೋಗ್ಬೇಕು."

ಇದು ನನಗೆ ತುಂಬಾ ಬೇಜಾರಾದ ವಿಷಯ. ಸುರಂಗದೊಳಗೆ ಪ್ರಯಾಣಿಕರಿಗೆ ನೆಟ್ ಸಿಗದಿದ್ದರೆ ಏನೂ ಮುಳುಗುವುದಿಲ್ಲ, ಎರಡು ಗಂಟೆ ಕಾಡು ನೋಡಿಕೊಂಡು ಹೋಗಬಹುದು. ಅಲ್ಲೇ ಬದುಕುವವರ ಕಥೆ ಹಾಗಲ್ಲ ಅಲ್ವಾ? ಮಲೆನಾಡಿನಲ್ಲಿ ಮಳೆಗಾಲಕ್ಕೆ ಕರೆಂಟ್ ಹೋಗುವುದು ಹೊಸದೇನಲ್ಲ, ಟವರ್ ಹಾಕುವವರಿಗೂ ಗೊತ್ತಿರುವುದೇ. ಹೊಸ ಟವರ್ ಆಮೇಲೆ ಹಾಕಲಿ, ಮೊದಲು ಇರುವ ಟವರ್‌ಗಳಿಗೆ ಒಳ್ಳೆ ಬ್ಯಾಟರಿ ಕೊಟ್ಟು ಜನರೇಟರ್‌ಗೆ ಡೀಸೆಲ್ ಹಾಕಿಸಲಿ.