ಮುರೋ ಕಣಿವೆಯಲ್ಲಿ ಬೆತೊಬೆತೊ-ಸಾನ್

ಒಸಾಕಾದಲ್ಲಿ ಕೆಲಸಕ್ಕಿದ್ದಾಗ, ನವೆಂಬರ್ ತಿಂಗಳ ಒಂದು ಭಾನುವಾರ ನಾರಾ ಪ್ರಾಂತ್ಯದ ಉದಾ ಸೀಮೆಯಲ್ಲಿರುವ ಮುರೋಜಿ ಎಂಬ ಬೌದ್ಧ ದೇಗುಲವನ್ನು ನೋಡಲು ಹೋಗಿದ್ದೆ. 1998ರ ಚಂಡಮಾರುತದಲ್ಲಿ ಮರ ಉರುಳಿ ಜಖಂಗೊಂಡು ಮತ್ತೆ ದುರಸ್ತಿಯಾದ, ಕೇವಲ 16 ಮೀಟರ್ ಎತ್ತರದ ಅಲ್ಲಿನ ಐದಂತಸ್ತಿನ ಪಗೋಡದ ಎದುರು ಹೊತ್ತು ಸರಿದದ್ದೇ ತಿಳಿಯಲಿಲ್ಲ. ಬಸ್ಸುಗಳು ವಿರಳವಾದ ಊರಾದ್ದರಿಂದ, ಹೊಳೆಯ ಪಕ್ಕದ ರಸ್ತೆ ಹಿಡಿದು ಮುರೋಗುಚಿ-ಓನೋ ರೈಲು ನಿಲ್ದಾಣಕ್ಕೆ ನಡೆದೇ ಹೊರಟೆ.

ಕತ್ತಲು ಕವಿಯುತ್ತಿದ್ದಂತೆ ಹಿಂದಿನಿಂದ ಹೆಜ್ಜೆಯ ಸದ್ದು ಕೇಳತೊಡಗಿತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು; ಬಿರುಸಾಗಿ ನಡೆದರೆ ಅಷ್ಟೇ ಬಿರುಸಿನಿಂದ ಬೆನ್ನು ಹತ್ತುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಬಂಡೆಗಳಿಗೆ ಬಡಿದು ಮರಳುವ ನನ್ನದೇ ಹೆಜ್ಜೆಯ ಸದ್ದಿರಬಹುದು ಎಂದು ಬುದ್ಧಿ ಹೇಳಿತಾದರೂ ಎದೆಬಡಿತ ತಗ್ಗಲಿಲ್ಲ.

ಉದಾದಲ್ಲೇ ಹುಟ್ಟಿ ಬೆಳೆದ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದ್ದು ಆಗ ನೆನಪಾಯಿತು. ರಾತ್ರಿ ಒಂಟಿಯಾಗಿ ನಡೆಯುವವರನ್ನು ಹಿಂಬಾಲಿಸುವ ಬೆತೊಬೆತೊ-ಸಾನ್ ಅವರ ಸೀಮೆಯದೇ. ಜಾನಪದ ವಿದ್ವಾಂಸ ಯಾನಾಗಿತಾ ಕುನಿಯೋ 1938-39ರಲ್ಲಿ ಪ್ರಕಟಿಸಿದ ಯೋಕಾಯ್‌ಗಳ, ಅಂದರೆ ಜಪಾನಿನ ಭೂತಚೇಷ್ಟೆಗಳ, ಪಟ್ಟಿಯಲ್ಲಿ ಇದನ್ನು ಉದಾದ ಹೆಸರಿನಲ್ಲೇ ದಾಖಲಿಸಿದ್ದಾರೆ. ಅದೇ ಪಟ್ಟಿಯಲ್ಲಿ ಫುಕುಓಕಾದ ಕರಾವಳಿಯ ನುರಿಕಾಬೆಯೂ ಇದೆ. ಇರುಳಿನಲ್ಲಿ ನಡೆಯುವವನ ಮುಂದೆ ಗೋಡೆಯಾಗಿ ನಿಲ್ಲುವ ಅದನ್ನು ಮೇಲೆ ಎಷ್ಟು ಹೊಡೆದರೂ ಪ್ರಯೋಜನವಿಲ್ಲ, ಕೋಲಿನಿಂದ ಬುಡದಲ್ಲಿ ಬೀಸಿದರೆ ಮಾಯವಾಗುತ್ತದೆಯಂತೆ. ಬೆತೊಬೆತೊ-ಸಾನ್‌ಗೆ ಕೋಲೂ ಬೇಡ, ಮಂತ್ರವೂ ಬೇಡ. ರಸ್ತೆಯ ಅಂಚಿಗೆ ಸರಿದು, ತಾವು ಮುಂದೆ ಹೋಗಿ ಎಂದು ವಿನಯದಿಂದ ಹೇಳಿದರೆ ಸಾಕು. ಹಿಂದಿನಿಂದ ಯಾರು ಕರೆದರೂ ತಿರುಗಬೇಡ, ಆಂಜನೇಯನ ಹೆಸರು ಹೇಳುತ್ತಾ ನಡೆ ಎಂದು ಕೇಳಿ ಬೆಳೆದ ನನಗೆ ಈ ಪರಿಹಾರ ಬಹಳ ಹಿಡಿಸಿತ್ತು. ಕಾಡುವುದನ್ನು ಓಡಿಸದೆ, ಅದನ್ನೂ ದಾರಿಹೋಕನೆಂದೇ ಬಗೆದು ಜಾಗ ಬಿಡುವ ಜನರ ಬಗ್ಗೆ ನನಗೆ ಅಂದಿನಿಂದಲೂ ಪ್ರೀತಿ.

ನಾನು ಅಂಚಿಗೆ ಸರಿದು ನಿಂತೆ. "ಬೆತೊಬೆತೊ-ಸಾನ್, ಒಸಾಕಿ ನಿ ಒಕೊಶಿ" ಎಂದು ಗಟ್ಟಿಯಾಗಿಯೇ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನಡೆದಾಗ ಹೊಳೆಯ ಮೊರೆತವಲ್ಲದೆ ಬೇರೇನೂ ಕೇಳಲಿಲ್ಲ. ನಿಂತು ಉಸಿರು ತಿರುಗಿಸಿಕೊಂಡದ್ದರಿಂದಲೇ ಭಯ ಇಳಿದಿರಲೂಬಹುದು, ಆದರೆ ಆ ಸಂಜೆ ನಾನು ಆ ಮಾತನ್ನು ಪೂರ್ಣ ಮನಸ್ಸಿನಿಂದಲೇ ಆಡಿದ್ದೆ.

ಮರುದಿನ ಕಚೇರಿಯಲ್ಲಿ ಇದನ್ನು ಹೇಳಿದಾಗ ಆ ಹಿರಿಯರು ನಗಲಿಲ್ಲ. "ಅಂಚಿಗೆ ಸರಿದ ಮೇಲೆಯೇ ಹೇಳಿದಿರಿ ತಾನೇ?" ಎಂದಷ್ಟೇ ಕೇಳಿದರು. ಹೌದೆಂದೆ.