ತೆನೆ ಹಬ್ಬಕ್ಕೆ ಮಂಗಳೂರಿಗೆ ಹೋಗುವವರಿಗೆ

ಸೆಪ್ಟೆಂಬರ್ ಮೊದಲ ವಾರದಲ್ಲಿ ಮಂಗಳೂರಿನಲ್ಲಿ ಕೋಣೆ ಹಿಡಿಯುವವರಿಗೆ ಮೊದಲ ಮಾತು: ಕಿಟಕಿ ತೆರೆದು ನೋಡದೆ ಮುಂಗಡ ಕೊಡಬೇಡಿ. ನಾನು ಕೊಟ್ಟು ಕೆಟ್ಟೆ. ಮೊಬೈಲಿನಲ್ಲಿ ನೋಡಿದ ಚಿತ್ರದಲ್ಲಿ ಪರದೆ ಇತ್ತು, ಪರದೆಯ ಹಿಂದೆ ಬೆಳಕೂ ಇತ್ತು. ಹೋಗಿ ಪರದೆ ಸರಿಸಿದರೆ ಬರಿಯ ಗೋಡೆ, ಗೋಡೆಗೊಂದು ಟ್ಯೂಬ್‌ಲೈಟು. ದಿನಕ್ಕೆ 1,800 ರೂಪಾಯಿ. ‘ಹಬ್ಬದ ರೇಟು ಸಾರ್’ ಎಂದ ಕೌಂಟರಿನ ಹುಡುಗ. ಹಾಸಿಗೆಗೆ ಮಳೆಗಾಲದ ಮುಗ್ಗುಲು ವಾಸನೆ. ಬಂದ ದಿನ ಒಗೆದು ಹಾಕಿದ ಪಂಚೆ ಹಸಿಹಸಿಯಾಗಿಯೇ ನನ್ನ ಜೊತೆ ಧಾರವಾಡಕ್ಕೆ ಮರಳಿತು. ಹೆಸರು ಬರೆದು ಜಗಳ ಕಟ್ಟಿಕೊಳ್ಳುವ ವಯಸ್ಸು ನನ್ನದಲ್ಲ. ಹಂಪನಕಟ್ಟೆಯ ಗದ್ದಲ ಬಿಟ್ಟು ಬಲ್ಮಠದ ಕಡೆ ಕೋಣೆ ಹುಡುಕಿ ಎಂದಷ್ಟೇ ಹೇಳುತ್ತೇನೆ.

ನಾನು ಹೋದದ್ದು ಕಿಟೆಲ್ ಸಾಹೇಬರ ಋಣಕ್ಕೆ. ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದವನು. ಪಾಠದ ಹಿಂದಿನ ರಾತ್ರಿ ಅವರ ನಿಘಂಟಿನ ಮರುಮುದ್ರಣ ತೆರೆಯದೆ ಮಲಗಿದ್ದು ಕಡಿಮೆ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದವರು. ಬಂದ ಹೊಸತರಲ್ಲಿ ನಮ್ಮ ಧಾರವಾಡದಲ್ಲೂ ಇದ್ದರು. ಏಸುವಿನ ಕಥೆಯನ್ನು ‘ಕಥಾಮಾಲೆ’ ಎಂದು ಕನ್ನಡ ಪದ್ಯದಲ್ಲಿ ಹೊಸೆದರು, ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ಸಂಪಾದಿಸಿದರು. ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಆ ಮೊದಲ ಮುದ್ರಣವನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕೆಂಬುದು ಹಳೆಯ ಆಸೆ.

ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೆ ಹೋಗುವವರು ಮುಂಚಿತವಾಗಿ ಪತ್ರ ಬರೆದು ಹೋಗಿ. ನಾನು ಅಜ್ಜಿಯ ಮನೆಗೆ ಹೋದ ಹಾಗೆ ಹೋದೆ. ಮೊದಲ ದಿನ ತಿರುಗಿ ಬಂದೆ. ಮರುದಿನ ಪುಸ್ತಕ ಮೇಜಿನ ಮೇಲೆ ಬಂತು. 1,700 ಪುಟ ದಾಟಿದ ಭಾರ, ಅಂಚು ಕಂದಿದ ಹಾಳೆ. ಏನು ಹುಡುಕಬೇಕೆಂದು ತೋಚದೆ, ಹಬ್ಬ ಹತ್ತಿರವಿತ್ತೆಂದು ‘ತೆನೆ’ ತೆಗೆದೆ. ಒಂದು ಪದಕ್ಕೆ ತಮಿಳು, ತೆಲುಗು, ತುಳುವಿನ ನಂಟರು, ಹಳೆಯ ಕಾವ್ಯದ ಸಾಲು, ಬೀದಿಯ ಗಾದೆ ಎಲ್ಲವನ್ನೂ ಎದುರಿಗೆ ಕೂರಿಸುವುದು ಆ ಮನುಷ್ಯನ ಪದ್ಧತಿ. ಮತ ಹೇಳಲು ಬಂದವರು ಮಾತಿನ ಮೋಹಕ್ಕೆ ಬಿದ್ದರೆ ಹೀಗಾಗುತ್ತದೆ. ಇದನ್ನು ಬರೆದರೆ ಕೆಲವರು ನನ್ನ ಮೇಲೆ ಬೀಳುತ್ತಾರೆ, ಬೀಳಲಿ.

ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಹೆಚ್ಚಿನವರು ಪಣಂಬೂರು ಕಡಲತೀರಕ್ಕೆ ಹೋಗುವ ದಾರಿಯಲ್ಲಿ ಹತ್ತು ನಿಮಿಷಕ್ಕೆ ನುಗ್ಗಿ, ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲವೆಂದು ಮುಖ ಸಿಂಡರಿಸಿಕೊಂಡು ಹೊರಬರುತ್ತಾರೆ. ಬಿಡದಿರುವುದೇ ಒಳ್ಳೆಯದಾಯಿತು. ಶಾಲಾ ಪ್ರವಾಸದ ಎರಡು ಬಸ್ಸುಗಳ ಮಕ್ಕಳು ಹೊರಟ ಮೇಲೆ ನಾನು ಬೆಂಚಿನ ಮೇಲೆ ಕುಳಿತು ಕತ್ತು ನೋಯುವವರೆಗೆ ಮೇಲೆ ನೋಡಿದೆ. ಜೆಸ್ವಿತ್ ಸಂಘದ ಸನ್ಯಾಸಿ, ಇಟಲಿಯ ಚಿತ್ರಕಾರ ಬ್ರದರ್ ಆಂಟೋನಿಯೊ ಮೊಸ್ಕೆನಿ 1899ರಲ್ಲಿ ಇಲ್ಲಿ ಚಿತ್ರ ಬರೆಯಲು ಶುರುಮಾಡಿದರು. ಗೋಡೆಯ ಚಿತ್ರಗಳಿಗೆ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು, ಒಣಗಿದರೆ ಆ ದಿನದ ಕೆಲಸ ಕೆಟ್ಟಿತು. ಚಾವಣಿಯದು ಕ್ಯಾನ್ವಾಸಿನ ಮೇಲೆ ತೈಲವರ್ಣ. ಅಲ್ಲಿರುವುದು ಅಲೋಶಿಯಸ್ ಗೊನ್ಜಾಗನ ಕಥೆ: ಅರಸು ಮನೆತನದ ಹಿರಿಯ ಮಗ ಹಕ್ಕು ಬಿಟ್ಟು ಸನ್ಯಾಸ ಹಿಡಿದ, ರೋಮಿನಲ್ಲಿ ಪಿಡುಗು ಬಿದ್ದಾಗ ರೋಗಿಗಳ ಆರೈಕೆಗೆ ನಿಂತು 1591ರಲ್ಲಿ, 23ನೇ ವಯಸ್ಸಿಗೆ ತೀರಿಕೊಂಡ. ಬಲಿಪೀಠದ ಕಡೆ, ರೋಗಿಗಳ ನಡುವೆ ಅವನಿರುವ ಚಿತ್ರದ ಎದುರು ನಾನು ತುಸು ಹೆಚ್ಚು ಹೊತ್ತು ನಿಂತೆ. ಮೊಸ್ಕೆನಿ ಮಂಗಳೂರಿಗೆ ಬರುವುದಕ್ಕೆ ಒಂದು ವರ್ಷ ಮೊದಲು ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗು ಮನೆಮನೆ ಖಾಲಿ ಮಾಡಿತ್ತು. ಊರ ಹೊರಗೆ ಗುಡಿಸಲು ಹಾಕಿಕೊಂಡ ಕಥೆಯನ್ನು ನಮ್ಮ ಮುತ್ತಜ್ಜಿಯಿಂದ ಕೇಳಿದ್ದೆನೆಂದು ಅಜ್ಜಿ ಹೇಳುತ್ತಿದ್ದಳು. ಇಟಲಿಯ ಆ ಹುಡುಗ ಒಮ್ಮೆಲೇ ನಮ್ಮ ಓಣಿಯವನಾದ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಕುಳಿತು ನೋಡಿ.

ಹೆಂಚಿನ ವಿಷಯದಲ್ಲಿ ನಾನು ಇನ್ನೊಮ್ಮೆ ಮೋಸಹೋಗುವವನಿದ್ದೆ. ಹಳೆ ಸಾಮಾನಿನ ಅಂಗಡಿಯವನೊಬ್ಬ ‘ಬಾಸೆಲ್ ಮಿಷನ್, 1865’ ಎಂದು ಒತ್ತಿದ ಒಂಟಿ ಹೆಂಚಿಗೆ ಆರುನೂರು ರೂಪಾಯಿ ಕೇಳಿದ. ‘ನೂರೈವತ್ತು ವರ್ಷದ ಮಾಲು, ಇಸವಿ ನೀವೇ ನೋಡಿ’ ಎಂದ. 1865 ಎಂಬುದು ಪ್ಲೆಬ್‌ಸ್ಟ್ ಎಂಬವರು ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಮೇಲೆ ಹೆಂಚಿನ ಕಾರ್ಖಾನೆ ಶುರುಮಾಡಿದ ವರ್ಷ. ಅದೇ ಇಸವಿ ಹೊತ್ತ ಹೆಂಚುಗಳು ಎಷ್ಟೋ ವರ್ಷ ಬಂದವು. ಕ್ರೈಸ್ತರಾದವರಿಗೆ ಕುಲಕಸುಬು ಕೈತಪ್ಪಿದಾಗ ಮಿಷನ್ ಅವರಿಗೆ ತೆರೆದ ಕೆಲಸಗಳಲ್ಲಿ ನೇಯ್ಗೆಯೂ ಹೆಂಚೂ ಸೇರಿದ್ದವು. ಸುಮ್ಮನೆ ತಲೆಯೆತ್ತಿ ನಡೆಯಿರಿ, ಹಳೆಯ ಮನೆಗಳ ಮೇಲೆ ಪುಕ್ಕಟೆ ಕಾಣುತ್ತವೆ.

ಸೆಪ್ಟೆಂಬರ್ 8 ಏಸುವಿನ ತಾಯಿ ಮರಿಯಮ್ಮನವರ ಹುಟ್ಟಿದ ದಿನ, ಅದೇ ತೆನೆ ಹಬ್ಬ. ಕೊಂಕಣಿಯಲ್ಲಿ ಮೊಂತಿ ಫೆಸ್ತ್, ತುಳುವಿನಲ್ಲಿ ಕುರಲ್ ಪರ್ಬ. ಹಿಂದಿನ ಒಂಬತ್ತು ದಿನವೂ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. 1680ರಲ್ಲಿ ಸ್ಥಾಪನೆಯಾದ ಮಿಲಾಗ್ರಿಸ್ ಚರ್ಚಿನ ಅಂಗಳದಲ್ಲಿ ಕೊಡೆಗಳ ನೂಕುನುಗ್ಗಲು. ನನಗೆ ಜನಸಂದಣಿ ಆಗುವುದಿಲ್ಲ, ಕಂಬಕ್ಕೆ ಆತು ನಿಂತೆ. ಪಕ್ಕದ ಪುಟ್ಟ ಹುಡುಗಿಯ ಬುಟ್ಟಿಯಲ್ಲಿ ದಾಸವಾಳ, ಡೇಲಿಯಾ, ಬೇಲಿಯ ಯಾವುದೋ ಹಳದಿ ಹೂ. ಎಲ್ಲವನ್ನೂ ಎರಚಿ, ಒಂದನ್ನು ಮಾತ್ರ ಜಡೆಗೆ ಸಿಕ್ಕಿಸಿಕೊಂಡಳು. ಪೂಜೆ ಮುಗಿದ ಮೇಲೆ ಆಶೀರ್ವದಿಸಿದ ಹೊಸ ತೆನೆ, ಮಕ್ಕಳಿಗೆ ಕಬ್ಬು. ತೆನೆಯ ಕಾಳು ಸುಲಿದು ಪುಡಿಮಾಡಿ ಹಾಲಿಗೆ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಂಡ ಮೇಲೆಯೇ ಊಟ, ಆ ದಿನ ಮೀನು ಮಾಂಸ ಇಲ್ಲ. ಹೊಲಕ್ಕೆ ಚರಗ ಚೆಲ್ಲುವ ನಮ್ಮ ಸೀಗೆ ಹುಣ್ಣಿಮೆಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಕಾರ್ಕಳದ ಬಳಿಯ ಅತ್ತೂರು ಚರ್ಚಿನ ಜನವರಿ ಜಾತ್ರೆಗೂ ಹೋಗಿ ಎನ್ನುವವರಿದ್ದಾರೆ. ಜನ ನೂಕಿದರೆ ಸಿಟ್ಟು ಬರುವವರು ಬೇರೆ ದಿನ ಹೋಗಲಿ.

ಇನ್ನು ಊಟ. ಚರ್ಚಿನಿಂದ ಹಿಂದಿರುಗುವಾಗ ಮಳೆಗೆ ಹೆದರಿ ಒಂದು ಹೆಂಚಿನ ಮನೆಯ ಜಗಲಿಗೆ ಹತ್ತಿದೆ. ಒಳಗೆ ನಾಲ್ಕು ಬೆಂಚು, ಗೋಡೆಯಲ್ಲಿ ಏಸುವಿನ ಪಟ, ಅದರ ಕೆಳಗೆ ಆಗಲೇ ಸಿಕ್ಕಿಸಿದ್ದ ತೆನೆ. ನಡೆಸುವಾಕೆಯನ್ನು ಎಲ್ಲರೂ ಬಾಯಮ್ಮ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಬೇರೆ ದಿನ ಹಂದಿ ಬಫಾತ್‌ಗೆ ಜನ ಕ್ಯೂ ನಿಲ್ಲುತ್ತಾರಂತೆ. ಸಸ್ಯಾಹಾರಿಯಾದ ನನಗೆ ಹಬ್ಬದ ದಿನವೇ ಸಿಕ್ಕಿದ್ದು ಪುಣ್ಯ. ಇಡ್ಲಿಗಿಂತ ಮೆತ್ತಗೆ, ತುಸು ಸಿಹಿ ಹುಳಿಯ ಸನ್ನ. ಬೆರಳಿನಿಂದ ಒತ್ತಿದರೆ ಮತ್ತೆ ಉಬ್ಬುತ್ತದೆ. ಜೊತೆಗೆ ಅಮಟೆಕಾಯಿ ಹಾಕಿದ ಕೆಸುವಿನ ಪದಾರ್ಥ. ಅಮಟೆಯನ್ನು ಚೀಪುತ್ತ ಕೂತರೆ ನಾಲಗೆ ಜುಮ್ಮೆನ್ನುತ್ತದೆ, ನಾರು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಬಿಡಲು ಮನಸ್ಸಾಗುವುದಿಲ್ಲ. ‘ಧಾರವಾಡದವರಾ ಮೇಷ್ಟ್ರೇ? ನಿಮಗೆ ನಮ್ಮ ಖಾರ ಏನೂ ಸಾಲದು’ ಎಂದು ನಗುತ್ತ ಮೂರನೆಯ ಸಲ ಬಡಿಸಿದರು. ಎಪ್ಪತ್ತು ರೂಪಾಯಿ. ನೂರರ ನೋಟು ಕೊಟ್ಟು ಚಿಲ್ಲರೆ ಇರಲಿ ಎಂದೆ, ಗದರಿಸಿ ಮೂವತ್ತನ್ನು ಕೈಗಿಟ್ಟರು.

ಮರಳುವ ಸರ್ಕಾರಿ ಬಸ್ಸು ಬಿಜೈ ನಿಲ್ದಾಣದಿಂದ. ಬೆಳಗಿನ ಬಸ್ಸಿನಲ್ಲಿ ಹೋಗುವವರು ಬಾಯಮ್ಮನ ಸನ್ನ ಕಟ್ಟಿಸಿಕೊಳ್ಳಿ. ಏಳಕ್ಕೆ ಬಾಗಿಲು ತೆರೆಯುತ್ತಾರೆ, ಎಂಟೂವರೆಗೆ ಪಾತ್ರೆ ಖಾಲಿಯಾಗಿರುತ್ತದೆ.