‘ನೀವು ವಿಂಡೋಸ್ ಹಾಕಿದ ಮೇಲೆ ಹೀಗಾಯ್ತು’ ಅನ್ನುವವರಿಗೆ

ಉಡುಪಿಯಲ್ಲಿ ನನ್ನದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ದಿನಕ್ಕೆ ಒಬ್ಬರಾದರೂ ಕೇಳುವ ಪ್ರಶ್ನೆ ಒಂದೇ: "ಹಳೇ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿದ ಮೇಲೆ ಆಗಾಗ ಆಫ್ ಆಗ್ತದೆ ಮಾರಾಯ್ರೆ, ಎಂತ ಮಾಡುದು?" ವಿಂಡೋಸ್ ಹತ್ತಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತಲ್ಲ, ಅಲ್ಲಿಂದ ಈ ಪ್ರಶ್ನೆ ಇನ್ನೂ ಜಾಸ್ತಿಯಾಗಿದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು. ಅದಕ್ಕೇ ಬರೆದಿಡುತ್ತಿದ್ದೇನೆ.

"ಆಫ್ ಆಗ್ತದೆ" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ. ಹೇಗೆ ಆಫ್ ಆಗುತ್ತದೆ? ಸ್ವಿಚ್ ತೆಗೆದ ಹಾಗೆ ಪಕ್ಕನೆ ಕಪ್ಪಾಗುತ್ತದಾ? ನೀಲಿ ಪರದೆ ಬಂದು ಇಂಗ್ಲಿಷಿನಲ್ಲಿ ಏನೋ ತೋರಿಸಿ ಮತ್ತೆ ಆನ್ ಆಗುತ್ತದಾ? ಅಥವಾ ಮೌಸ್ ಅಲ್ಲಾಡದೆ ಅಲ್ಲಿಗೇ ನಿಲ್ಲುತ್ತದಾ? ಮೂರಕ್ಕೂ ಹುಡುಕುವ ಜಾಗ ಬೇರೆ.

ಪಕ್ಕನೆ ಕಪ್ಪಾದರೆ ನಾನು ಮೊದಲು ನೋಡುವುದು ಕರೆಂಟು ಮತ್ತು ಬಿಸಿ. ಆನ್ ಮಾಡಿ 20 ನಿಮಿಷಕ್ಕೆ ಆಫ್ ಆಗಿ, ಕೂಡಲೇ ಮತ್ತೆ ಆನ್ ಮಾಡಿದರೆ 5 ನಿಮಿಷಕ್ಕೇ ಆಫ್ ಆಯ್ತಾ? ಅದು ಹೆಚ್ಚಾಗಿ ಬಿಸಿ. ಹೊಸ ವಿಂಡೋಸ್ ಹಾಕಿದ ಮೊದಲ ಕೆಲವು ದಿನ ಒಳಗಡೆ ಅಪ್‌ಡೇಟ್, ಫೈಲುಗಳ ಪಟ್ಟಿ ಮಾಡುವುದು, ವೈರಸ್ ಹುಡುಕುವುದು ಎಲ್ಲ ಒಟ್ಟಿಗೆ ನಡೆಯುತ್ತದೆ. ಬಿಸಿ ಹೊರಗೆ ಹೋಗಲಿ ಅಂತ ಹತ್ತು ವರ್ಷದ ಹಿಂದೆ ಪ್ರೊಸೆಸರಿಗೆ ಹಚ್ಚಿದ ಪೇಸ್ಟ್ ಒಣಗಿ ಪುಡಿಯಾಗಿದ್ದರೆ ಅಷ್ಟು ಕೆಲಸ ಅದು ತಾಳುವುದಿಲ್ಲ.

ನೀಲಿ ಪರದೆ ಬಂದರೆ ದಯವಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕೆಳಗೆ ಸ್ಟಾಪ್ ಕೋಡ್, ಅಂದರೆ ಯಾಕೆ ನಿಂತಿತು ಅನ್ನುವುದರ ಗುರುತು, ಇರುತ್ತದೆ, ನನಗೆ ಬೇಕಾದ್ದು ಅದು. ವಿಂಡೋಸ್ ಹನ್ನೊಂದರ ಹೊಸ ಅಪ್‌ಡೇಟುಗಳಲ್ಲಿ ಆ ಪರದೆ ಕಪ್ಪಾಗಿದೆ, ಆದರೂ ಕೋಡ್ ಇದ್ದೇ ಇದೆ. ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂದರೆ ರ‍್ಯಾಮಿನ ಕಡೆ ನೋಡುತ್ತೇನೆ, ಅಂದರೆ ಕೆಲಸದ ನಡುವೆ ಮಾಹಿತಿ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ ಪಟ್ಟಿ. ‘ಡ್ರೈವರ್’ (ಒಂದೊಂದು ಭಾಗವನ್ನು ವಿಂಡೋಸಿನ ಜೊತೆ ಮಾತಾಡಿಸುವ ಸಣ್ಣ ಸಾಫ್ಟ್‌ವೇರ್) ಅನ್ನುವ ಮಾತಿದ್ದರೆ ಗ್ರಾಫಿಕ್ಸ್, ವೈಫೈ, ಪ್ರಿಂಟರ್ ಕಡೆ. ಡ್ರೈವರನ್ನು ಕಂಪ್ಯೂಟರ್ ಮಾಡಿದ ಕಂಪನಿಯ ಸೈಟಿನಿಂದಲೇ ತನ್ನಿ. ಒಂದೇ ಕ್ಲಿಕ್ಕಿಗೆ ಎಲ್ಲ ಡ್ರೈವರ್ ಸರಿ ಮಾಡುತ್ತೇವೆ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಬಂದವರ ಕಂಪ್ಯೂಟರನ್ನು ಬಿಡಿಸುವುದಕ್ಕೇ ನನಗೆ ಅರ್ಧ ದಿನ ಬೇಕು.

ಇನ್ನೊಂದು, ‘ಕರ್ನಲ್-ಪವರ್ 41’. ವಿಂಡೋಸಿನೊಳಗೆ ಆದದ್ದರ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದು ಈ ಸಂಖ್ಯೆ ನೋಡಿದವರು ರೋಗ ಸಿಕ್ಕಿತು ಅಂತ ಫೋನ್ ಮಾಡುತ್ತಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅಂತ ಅಷ್ಟೇ ಅದು ಹೇಳುವುದು. ಅದು ನಿಮಗೂ ಗೊತ್ತಿತ್ತಲ್ವಾ? ಯಾಕೆ ನಿಂತಿತು ಅಂತ ಆ ಸಾಲಿನಲ್ಲಿ ಇಲ್ಲ. ಅದರ ಬದಲು ಸ್ಟಾರ್ಟಿನಲ್ಲಿ ‘ರಿಲಯಬಿಲಿಟಿ ಹಿಸ್ಟರಿ’ ಅಂತ ಹುಡುಕಿ. ಯಾವ ದಿನ ಏನು ಹಾಕಿದಿರಿ, ಯಾವ ದಿನ ಏನು ಕೆಟ್ಟಿತು ಅಂತ ದಿನಕ್ಕೊಂದು ಮನೆ ಮಾಡಿ, ಕೆಂಪು ಗುರುತು ಹಾಕಿ ತೋರಿಸುತ್ತದೆ.

ಇಷ್ಟು ಹೇಳಿದರೂ ಬರುವ ಮಾತು ಮಾತ್ರ ಒಂದೇ. "ಇಷ್ಟು ವರ್ಷ ಸರಿ ಇತ್ತು, ನೀವು ಹಾಕಿದ ಮೇಲೆ ಹೀಗಾಯ್ತು." ಮಾಡು ಸೋರಿದ್ದಕ್ಕೆ ಮೊನ್ನೆ ಬಂದ ಸೊಸೆಯನ್ನು ಬೈದ ಹಾಗೆ.

ಈ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು 2023ರ ಮಳೆಗಾಲ. ಆ ವರ್ಷದ ಶುರುವಿನಲ್ಲಿ ಕ್ರೋಮ್ ವಿಂಡೋಸ್ ಏಳನ್ನು ಕೈಬಿಟ್ಟಿತ್ತು. ಮಲ್ಪೆ ಬಂದರಿನ ಹತ್ತಿರ ಒಬ್ಬರು ಅಕ್ಕ ಬೋಟಿನ ಲೆಕ್ಕ ನೋಡಿಕೊಳ್ಳುತ್ತಿದ್ದರು. ಡೀಸೆಲ್, ಐಸು, ಕೆಲಸದವರ ಪಾಲು, ಎಲ್ಲ ವಿಂಡೋಸ್ ಏಳು ಇದ್ದ ಒಂದು 2012ರ ಕಂಪ್ಯೂಟರಿನಲ್ಲಿ. ಬ್ಯಾಂಕಿನ ಕೆಲಸಕ್ಕೆ ತೊಂದರೆ ಆಗುತ್ತಿದೆ ಅಂತ ಜುಲೈ ಕೊನೆಗೆ ನನ್ನಲ್ಲಿಗೆ ತಂದರು. ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ 61 ದಿನ ಅವರಿಗೂ ಬಿಡುವು, ಕಂಪ್ಯೂಟರಿಗೂ ಬಿಡುವು. ನಾನು ಫೈಲುಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು ವಿಂಡೋಸ್ ಹತ್ತು ಹಾಕಿ ಕೊಟ್ಟೆ. ಅಂಗಡಿಯಲ್ಲಿ ಎರಡು ದಿನ ಸರಿಯಾಗಿಯೇ ಓಡಿತು.

ಆಗಸ್ಟಿನಲ್ಲಿ ಬೋಟುಗಳು ಹೊರಟವು. ನಾಲ್ಕನೇ ದಿನ ಅಕ್ಕನ ಫೋನ್. "ಅಣ್ಣ, ಲೆಕ್ಕದ ನಡುವಿನಲ್ಲಿ ಮೂರು ಸಲ ಆಫ್ ಆಯ್ತು. ಜನ ಹಣಕ್ಕೆ ಬಾಗಿಲಲ್ಲಿ ನಿಂತಿದ್ದಾರೆ. ನಿಮಗೆ ಯಾಕೆ ಕೊಟ್ಟೆನೋ!" ನಾನು ಹೋದೆ. ಕೋಣೆಗೆ ಕಾಲಿಟ್ಟ ಕೂಡಲೇ ಒದ್ದೆ ಗೋಣಿಯ ವಾಸನೆ. ಕಂಪ್ಯೂಟರಿನ ಬದಿಯ ತಗಡು ಬಿಚ್ಚಿದರೆ ಸ್ಕ್ರೂಗಳೆಲ್ಲ ತುಕ್ಕು. ರ‍್ಯಾಮ್ ಪಟ್ಟಿಗಳ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಜು ಹಿಡಿದ ಹಾಗೆ ಒಂದು ಪದರ. ಅವರ ಮಗಳ ಕಂಪಾಸ್ ಬಾಕ್ಸಿನಿಂದ ಪೆನ್ಸಿಲ್ ರಬ್ಬರ್ ತೆಗೆದುಕೊಂಡು ಹಲ್ಲುಗಳನ್ನು ಮೆಲ್ಲ ಉಜ್ಜಿದೆ. ರಬ್ಬರಿನ ತುದಿ ಮಸಿ ಮುಟ್ಟಿದ ಹಾಗೆ ಕಪ್ಪಾಯಿತು. ಆ ರಾತ್ರಿ ಮೆಮೊರಿ ಪರೀಕ್ಷೆಗೆ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಓಡಿಸಿ ಬಿಟ್ಟು ಬಂದೆ. ಬೆಳಿಗ್ಗೆ ಹೋಗಿ ನೋಡಿದರೆ ಪರದೆ ತುಂಬ ಕೆಂಪು ಸಾಲು. ಎರಡು ಪಟ್ಟಿಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಒಂದು ಸರಿ, ಇನ್ನೊಂದು ಪೂರ್ತಿ ಹಾಳು.

ಆಗ ಮಗಳು ಹೇಳಿದಳು, "ಮೊದಲೂ ತಿಂಗಳಿಗೆ ಒಂದೆರಡು ಸಲ ಆಫ್ ಆಗ್ತಿತ್ತು ಮಾಮ. ನಾವು ಕರೆಂಟು ಅಂತ ಸುಮ್ನೆ ಇದ್ದೆವು."

ವಿಷಯ ಇಷ್ಟೇ. ಮೊದಲು ಆ ಕಂಪ್ಯೂಟರಿನಲ್ಲಿ ಲೆಕ್ಕದ ಒಂದು ಫೈಲ್ ಮಾತ್ರ ತೆರೆದಿರುತ್ತಿತ್ತು. ಈಗ ಬ್ರೌಸರು, ವಾಟ್ಸಾಪು, ಬ್ಯಾಂಕು ಎಲ್ಲ ಒಟ್ಟಿಗೆ. ಮೆಮೊರಿ ಜಾಸ್ತಿ ಬಳಸಿದಷ್ಟೂ ಕೆಟ್ಟ ಜಾಗಕ್ಕೆ ಕಾಲಿಡುವುದು ಜಾಸ್ತಿ. ಯಾರೂ ಹೋಗದ ಕೋಣೆಯ ನೆಲ ಮುರಿದಿದ್ದರೆ ಯಾರಿಗೆ ಗೊತ್ತಾಗುತ್ತದೆ? ತಪ್ಪು ವಿಂಡೋಸಿನದ್ದಲ್ಲ. ಆದರೆ ನನ್ನದು ಸ್ವಲ್ಪ ಇತ್ತು. ಕೊಡುವ ಮೊದಲು ರ‍್ಯಾಮ್ ಪರೀಕ್ಷೆ ಮಾಡಬೇಕಿತ್ತು, ಮಾಡಿರಲಿಲ್ಲ. ಅಂದಿನಿಂದ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸದೆ ಯಾರ ಹಳೇ ಕಂಪ್ಯೂಟರಿಗೂ ಹೊಸ ವಿಂಡೋಸ್ ಹಾಕಿಲ್ಲ. ಹಾರ್ಡ್‌ಡಿಸ್ಕಿನ ಆರೋಗ್ಯವನ್ನೂ ನೋಡುತ್ತೇನೆ. ಇದಕ್ಕೆ ಒಂದು ದಿನ ಜಾಸ್ತಿ ಹಿಡಿಯುತ್ತದೆ. ಅವಸರ ಮಾಡಬೇಡಿ.

ನಿಜ ಹೇಳಬೇಕಾದರೆ, ನನ್ನನ್ನು ಯಾರೂ ಕೇಳದ ಪ್ರಶ್ನೆ ಬೇರೆ ಇದೆ. ನಮ್ಮ ಊರಿನ ಗಾಳಿಯಲ್ಲಿ ಕಂಪ್ಯೂಟರನ್ನು ಎಲ್ಲಿಡಬೇಕು, ಹೇಗಿಡಬೇಕು? ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ಇದು. ಅದರ ಜೊತೆಗೆ ಕಡಲಿನ ಉಪ್ಪು. ಹಪ್ಪಳ ಡಬ್ಬದಿಂದ ಹೊರಗಿಟ್ಟರೆ ಸಂಜೆಗೆ ಮೆತ್ತಗಾಗುವುದು ನಮಗೆಲ್ಲ ಗೊತ್ತು. ಅದೇ ಗಾಳಿ ಕಂಪ್ಯೂಟರಿನ ಒಳಗೂ ಹೋಗುತ್ತದೆ ಅಂತ ಯಾಕೆ ನೆನಪಾಗುವುದಿಲ್ಲ?

ಮಳೆಗಾಲದಲ್ಲಿ ಬಳಸದಿದ್ದರೂ ದಿನಕ್ಕೆ ಒಂದು ಗಂಟೆ ಆನ್ ಮಾಡಿಡಿ, ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದೆಸಬೇಡಿ, ತೇವ ಒಳಗೇ ನಿಲ್ಲುತ್ತದೆ. ಹತ್ತಿ ಬಟ್ಟೆ ಸಾಕು, ಅದೂ ಆಫ್ ಮಾಡಿ ತಣಿದ ಮೇಲೆ. ಒದ್ದೆ ಗೋಡೆಗೆ ತಾಗಿಸಿ ಇಡಬೇಡಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಪ್ಲಗ್ ತೆಗೆಯುವವರು ತುಂಬ ಜನ ಇದ್ದಾರೆ, ಇಂಟರ್‌ನೆಟ್ಟಿನ ವಯರ್ ತೆಗೆಯುವವರು ಕಡಿಮೆ. ಸಿಡಿಲಿನ ಹೊಡೆತ ಅದರಿಂದಲೂ ಬರುತ್ತದೆ.

ಮಲ್ಪೆಯ ಅಕ್ಕ ಈಗ ಮೇ 31ಕ್ಕೆ ಲೆಕ್ಕ ಮುಗಿಸಿ ಕಂಪ್ಯೂಟರನ್ನು ಬಂದರಿನ ಕೋಣೆಯಿಂದ ಮನೆಗೆ ಒಯ್ಯುತ್ತಾರೆ. ಅಡುಗೆ ಕೋಣೆಯ ಆಚೆ ಗೋಡೆಗೆ ಒಲೆಯ ಬಿಸಿ ಸ್ವಲ್ಪ ತಾಗುತ್ತದಂತೆ, ಅಲ್ಲಿ ಸ್ಟೂಲಿನ ಮೇಲೆ ಇಡುತ್ತಾರೆ. ಸಂಜೆ ಒಂದು ಗಂಟೆ ಆನ್ ಮಾಡಿ ಮಗಳು ಪಾಠ ನೋಡುತ್ತಾಳೆ. ಸರಿ ಇರುವ ಆ ಒಂದು ರ‍್ಯಾಮ್ ಪಟ್ಟಿ ಈಗಲೂ ಅದರಲ್ಲೇ ಇದೆ.